ತಾವರೆಯ ಮೇಲಿನ ಶಿಲುಬೆ

ಚೀನಾದ ಷಿಯಾನ್ ನಗರದಲ್ಲಿ ಹಳೆಯ ಶಾಸನಕಲ್ಲುಗಳನ್ನೇ ಕೂಡಿಟ್ಟ ಸಂಗ್ರಹಾಲಯವೊಂದಿದೆ. ಅಲ್ಲಿ ಕ್ರಿ.ಶ. 781ರ ಒಂದು ಕಲ್ಲು, ಒಂಬತ್ತಡಿ ಎತ್ತರದ್ದು, ನಿಂತಿದೆ. ಅದರ ನೆತ್ತಿಯ ಮೇಲೆ ಡ್ರ್ಯಾಗನ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಟಾಂಗ್ ಅರಸರ ಕಾಲದ ದೊಡ್ಡ ಶಾಸನಗಳಿಗೆ ಇದು ಮಾಮೂಲಿ ಅಲಂಕಾರ. ಆದರೆ ತಲೆಬರಹದ ಅಕ್ಷರಗಳ ಮೇಲ್ಗಡೆ ಚಿಕ್ಕದೊಂದು ಶಿಲುಬೆ ಕೊರೆದಿದ್ದಾರೆ. ಶಿಲುಬೆಯ ಕೆಳಗೆ ಮೋಡ, ತಾವರೆ. 635ರಲ್ಲಿ ಅಲೋಪೆನ್ ಎಂಬ ಸನ್ಯಾಸಿ ಪೂರ್ವ ಸಿರಿಯಾಕ್ ಸಭೆಯ ಕ್ರೈಸ್ತ ಧರ್ಮವನ್ನು ಚೀನಾಕ್ಕೆ ತಂದ ದಿನದಿಂದ ಮುಂದಿನ ಒಂದೂವರೆ ಶತಮಾನದ ಕಥೆಯನ್ನು ಈ ಶಾಸನ ಚೀನೀ ಭಾಷೆಯಲ್ಲಿ ಹೇಳುತ್ತದೆ. ಅಂಚಿನಲ್ಲಿ ಸಿರಿಯಾಕ್ ಲಿಪಿಯ ಹೆಸರುಗಳಿವೆ. ಬರೆದವನು ಜಿಂಗ್‌ಜಿಂಗ್, ಸಿರಿಯಾಕ್‌ನಲ್ಲಿ ಅವನ ಹೆಸರು ಆದಾಮ್. ಮಣ್ಣಿನಡಿ ಹೂತುಹೋಗಿದ್ದ ಕಲ್ಲು 1620ರ ದಶಕದಲ್ಲಿ ಮತ್ತೆ ಸಿಕ್ಕಿತು. ಕ್ರೈಸ್ತ ಸಂಕೇತವನ್ನೂ ಚೀನೀ ರೂಪಗಳನ್ನೂ ಒಂದೇ ಕಲ್ಲಿನಲ್ಲಿ ಸೇರಿಸಿದ, ಇಸವಿ ಖಚಿತವಾಗಿ ಗೊತ್ತಿರುವ ದೊಡ್ಡ ಮಾದರಿ ಇದು.

ಮೋಡ, ಡ್ರ್ಯಾಗನ್, ತಾವರೆ ಈ ಮೂರೂ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳವರಿಗೆ ಕಾಣದ ಚಿತ್ರಗಳೇನಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದಲೂ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಿಂದಲೂ ಟಿಬೆಟನ್ನರು ನೆಲೆಸಿದ್ದಾರೆ. ಅವರ ವಿಹಾರಗಳ ಗೋಡೆ, ಕಂಬ, ಥಂಕಾ ಚಿತ್ರಗಳಲ್ಲಿ ಸುರುಳಿ ಮೋಡ, ಬೆಟ್ಟ ನೀರಿನ ನೋಟ, ರೇಷ್ಮೆಯ ಜರಿ ಅಂಚು ಎಲ್ಲವೂ ಚೀನಾದಿಂದ ಬಂದವು. ಬಂದು ಎಷ್ಟೋ ಶತಮಾನ ಕಳೆದು, ಈಗ ಅವು ಟಿಬೆಟ್ಟಿನ ಸ್ವಂತ ಸೊತ್ತಾಗಿವೆ. ಹದಿನೆಂಟನೆಯ ಶತಮಾನದ ಸಿಟು ಪಂಚೆನ್ ಎಂಬ ಗುರು ಚಿತ್ರಕಾರ ಚೀನೀ ಭೂದೃಶ್ಯದ ರೀತಿಯನ್ನು ಥಂಕಾದೊಳಗೆ ಬೇರೂರಿಸಿದ. ಬುದ್ಧನ ಹಿಂದೆ ಚೀನೀ ಬೆಟ್ಟ ನಿಂತಿದ್ದಕ್ಕೆ ಅಂದು ದೊಡ್ಡ ಧಾರ್ಮಿಕ ಜಗಳವೇನೂ ಆಗಲಿಲ್ಲ. ಎರಡೂ ಕಡೆ ಬೌದ್ಧರೇ ಇದ್ದರು. ಶಿಲುಬೆಯ ವಿಷಯದಲ್ಲಿ ಕೆಲಸ ಅಷ್ಟು ಸುಲಭವಾಗಲಿಲ್ಲ.

ಆದರೂ ತಾವರೆ ಶಿಲುಬೆಗೆ ಬೇಗ ಒಗ್ಗಿತು. ಚೆನ್ನೈನ ಸಂತ ತೋಮಾ ಬೆಟ್ಟದಲ್ಲಿ 1547ರಲ್ಲಿ ಸಿಕ್ಕ ಶಿಲುಬೆ ಕಲ್ಲು, ಕೇರಳದ ಕೋಟ್ಟಯಂನ ದೊಡ್ಡ ಪಳ್ಳಿಯ ಶಿಲುಬೆಗಳು, ಇವುಗಳ ಸುತ್ತ ಪಹ್ಲವಿ ಬರಹವಿದೆ, ಮೇಲಿನಿಂದ ಪಾರಿವಾಳ ಇಳಿಯುತ್ತದೆ, ಕೆಳಗೆ ತಾವರೆಯ ದಳ ಅರಳುತ್ತದೆ. ಇವೂ ಅದೇ ಪೂರ್ವ ಸಿರಿಯಾಕ್ ಸಭೆಯವೇ. ಒಂದೇ ಸಭೆಯ ಜನ ಭೂಮಾರ್ಗದಲ್ಲಿ ಚೀನಾ ಸೇರಿದರು, ಸಮುದ್ರಮಾರ್ಗದಲ್ಲಿ ಮಲಬಾರು ಸೇರಿದರು. ಎರಡು ಕಡೆಯೂ ಶಿಲುಬೆಯ ಕೆಳಗೆ ತಾವರೆ ಇಟ್ಟರು. ಪರಸ್ಪರ ನೋಡಿ ನಕಲು ಮಾಡಿದರೆಂದು ಹೇಳಬೇಕಾಗಿಲ್ಲ. ಈ ಎರಡೂ ನಾಡುಗಳಲ್ಲಿ ಪೀಠವಿಲ್ಲದ ದೇವರಿಲ್ಲ, ಪೀಠವೆಂದರೆ ತಾವರೆ. ಬರಿಯ ಎರಡು ಗೆರೆ ಅಡ್ಡ ಹಾಯ್ದರೆ ನೋಡುವವನಿಗೆ ಅದೊಂದು ಗುರುತು ಮಾತ್ರ. ಪದ್ಮಪೀಠದ ಮೇಲೆ ಕೂತ ಕೂಡಲೇ ಅದು ಕೈಮುಗಿಯುವ ವಸ್ತುವಾಗುತ್ತದೆ. 1947ರಲ್ಲಿ ಮದರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ತನ್ನ ಲಾಂಛನಕ್ಕೆ ಶಿಲುಬೆ ಮತ್ತು ತಾವರೆಯನ್ನೇ ಆರಿಸಿಕೊಂಡಿತು. ಹಾಂಗ್‌ಕಾಂಗಿನ ತಾವೋ ಫೋಂಗ್ ಷಾನ್ ಬೆಟ್ಟದ ಮೇಲೆ ನಾರ್ವೆಯ ಮಿಷನರಿ ಕಾರ್ಲ್ ರೈಖೆಲ್ಟ್ 1930ರ ದಶಕದಲ್ಲಿ ಕಟ್ಟಿಸಿದ ಎಂಟು ಮೂಲೆಯ ಗುಡಿಯ ಗುರುತೂ ಅದೇ.

ಹೀಗೆ ಬೆರೆಸುವ ಕಲೆಯನ್ನು ಅಳೆಯುವಾಗ ಯಾವ ಚಿಹ್ನೆಯೊಡನೆ ಯಾವ ಚಿಹ್ನೆ ಸೇರಿತೆಂದು ಪಟ್ಟಿ ಮಾಡಿದರೆ ಹೆಚ್ಚೇನೂ ಸಿಗದು. ಎರವಲು ತಂದ ರೂಪವನ್ನು ಆ ನೆಲದಲ್ಲಿ ದಿನವೂ ಬಳಸುತ್ತಿದ್ದವರು ಯಾರು, ಚಿತ್ರವನ್ನು ನೋಡುವವರು ಅವರೇನಾ, ಬೆರೆಸಲು ಅಪ್ಪಣೆ ಕೊಟ್ಟವರು ಯಾರು ಎಂಬುದನ್ನು ನೋಡಬೇಕು. ಮೈಸೂರು ಸೀಮೆಯ ಉದಾಹರಣೆಗಳು ಈ ಮಾತಿಗೆ ಒಳ್ಳೆಯ ಒರೆಗಲ್ಲು. ಅವುಗಳ ಬೇರು ಹದಿನೇಳನೆಯ ಶತಮಾನಕ್ಕೆ ಇಳಿಯುತ್ತದೆ.

ಆಗ ಚೀನಾದಲ್ಲೂ ದಕ್ಷಿಣ ಭಾರತದಲ್ಲೂ ಕೆಲಸ ಮಾಡುತ್ತಿದ್ದವರು ಜೆಸ್ವಿತ್ ಪಾದ್ರಿಗಳು. 1583ರಲ್ಲಿ ಚೀನಾ ಹೊಕ್ಕ ಮತ್ತೇಯೊ ರಿಚ್ಚಿ ಮೊದಲು ಬೌದ್ಧ ಭಿಕ್ಷುವಿನ ಬಟ್ಟೆ ತೊಟ್ಟ. ಆ ಬಟ್ಟೆಗೆ ಅಲ್ಲಿ ಅಷ್ಟು ಮರ್ಯಾದೆಯಿಲ್ಲವೆಂದು ತಿಳಿದ ಮೇಲೆ ಕನ್‌ಫ್ಯೂಷಿಯಸ್ ಪಂಥದ ಪಂಡಿತನ ನಿಲುವಂಗಿಗೆ ಬದಲಾಯಿಸಿದ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟ. ಅದೇ ಹಾದಿಯಲ್ಲಿ 1649ರ ಸುಮಾರಿಗೆ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ. ಕಂಠೀರವ ನರಸರಾಜ ಒಡೆಯರ ಕಾಲ ಅದು. ಮೈಸೂರು ಮಿಷನ್ನಿನ ಪಾದ್ರಿಗಳೂ ಸನ್ಯಾಸಿಯ ವೇಷ ತೊಟ್ಟರು, ಕನ್ನಡ ಕಲಿತು ಬರೆದರು. ಚಿತ್ರಕಲೆಗಿಂತ ಮೊದಲು ಪಾದ್ರಿಯ ಮೈಮೇಲಿನ ಬಟ್ಟೆಯೇ ಬೆರಕೆಯ ಮೊದಲ ಚಿತ್ರವಾಗಿತ್ತು ಎನ್ನಬೇಕು.

ಚೀನಾದಲ್ಲಿ ಅದು ಬೇಗ ಕಾಗದಕ್ಕೆ ಇಳಿಯಿತು. 1620ರ ಆಸುಪಾಸಿನಲ್ಲಿ ನಾನ್‌ಜಿಂಗ್‌ನಲ್ಲಿ ಜಪಸರ ಪ್ರಾರ್ಥನೆಯ ಒಂದು ಸಚಿತ್ರ ಪುಸ್ತಕ ಅಚ್ಚಾಯಿತು. ಅದರ ಮೂಲ 1593ರಲ್ಲಿ ಆಂಟ್‌ವರ್ಪಿನಲ್ಲಿ ಹೊರಬಂದ ಜೆರೋಮ್ ನಡಾಲನ ತಾಮ್ರದಚ್ಚಿನ ಚಿತ್ರಗಳು. ಚೀನೀ ಕುಶಲಕರ್ಮಿ ಅವನ್ನು ಮರದಚ್ಚಿಗೆ ತರುವಾಗ ಕೈಕಟ್ಟಿ ಕೂರಲಿಲ್ಲ. ಯುರೋಪಿನ ಚಿತ್ರದಲ್ಲಿ ನೆರಳು ಬೆಳಕಿನಿಂದ ಉಬ್ಬಿದ್ದ ಮೈಗಳು ಇಲ್ಲಿ ಬರಿಯ ಗೆರೆಗಳಾದವು. ದೇವದೂತ ಮರಿಯಮ್ಮನಿಗೆ ಶುಭವಾರ್ತೆ ಹೇಳುವ ಕೋಣೆ ಚೀನೀ ಮನೆಯಾಯಿತು. ಆಕೆಯ ಹಿಂದೆ ಚೀನೀ ಶೈಲಿಯ ಮಡಚು ತೆರೆ ಬಂತು, ತೆರೆಯ ಮೇಲೆ ನೀರು ಬೆಟ್ಟದ ಚಿತ್ರ ಬಂತು. 1637ರಲ್ಲಿ ಫೂಜಿಯಾನ್ ಪ್ರಾಂತ್ಯದಲ್ಲಿ ಜೂಲಿಯೊ ಅಲೇನಿ ಹೊರತಂದ ಕ್ರಿಸ್ತಚರಿತೆಯ ಚಿತ್ರಗಳು ಮಾತ್ರ ಯುರೋಪಿನ ಮೂಲಕ್ಕೆ ಹೆಚ್ಚು ನಿಷ್ಠವಾದವು. ಹದಿನೇಳು ವರ್ಷದ ಅಂತರದಲ್ಲಿ ಧೈರ್ಯ ಕಡಿಮೆಯಾದಂತೆ ಕಾಣುತ್ತದೆ.

ಅದೇ ಫೂಜಿಯಾನಿನ ದೆಹುವಾ ಎಂಬಲ್ಲಿ ಹಾಲುಬಿಳಿ ಪಿಂಗಾಣಿಯ ಬೊಂಬೆಗಳು ತಯಾರಾಗುತ್ತಿದ್ದವು, ಅವುಗಳಲ್ಲಿ ಗುವಾನ್‌ಯಿನ್‌ನ ಬೊಂಬೆಗಳೂ ಇದ್ದವು. ಗುವಾನ್‌ಯಿನ್ ಕರುಣೆಯ ದೇವತೆ; ಮಕ್ಕಳಾಗದವರು ಹರಕೆ ಹೊರುವ ಆಕೆಯ ರೂಪವೊಂದರಲ್ಲಿ ತೊಡೆಯ ಮೇಲೆ ಮಗುವಿದೆ. ಮುಸುಕು ತಲೆಯಿಂದ ಇಳಿದು ಭುಜದ ಮೇಲೆ ಮಡಿಕೆ ಮಡಿಕೆಯಾಗಿ ಬೀಳುತ್ತದೆ, ಕಣ್ಣು ಅರೆಮುಚ್ಚಿದೆ, ಮಗು ನಮ್ಮತ್ತ ನೋಡುತ್ತದೆ. ಯೇಸುವನ್ನು ಎತ್ತಿಕೊಂಡ ಮರಿಯಮ್ಮನಿಗೂ ಈ ಬೊಂಬೆಗೂ ಇರುವ ಹೋಲಿಕೆ ಎಷ್ಟೆಂದರೆ, ಯಾವುದು ಯಾವುದಕ್ಕೆ ಮಾದರಿಯೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಬೊಂಬೆ ಮಾರಿದವರಿಗೂ ಕೊಂಡವರಿಗೂ ಆ ವಾದ ಬೇಕಿರಲಿಲ್ಲ. ಕ್ರೈಸ್ತರನ್ನು ಬೇಟೆಯಾಡುತ್ತಿದ್ದ ಕಾಲದಲ್ಲಿ ಜಪಾನಿನ ಗುಪ್ತ ಕ್ರೈಸ್ತರು ಇಂಥ ಬೊಂಬೆಯನ್ನೇ ಮನೆಯಲ್ಲಿಟ್ಟು, ಮರಿಯಮ್ಮನೆಂದು ಪೂಜಿಸಿದರು. ಬೆರಕೆಯನ್ನು ಇಲ್ಲಿ ಕಲಾವಿದ ಮಾಡಲಿಲ್ಲ, ಮುಂದೆ ಕೂತು ಕೈಮುಗಿದವರು ಮಾಡಿದರು. ಮುಂದೆ ಮೈಸೂರು ಸೀಮೆಯ ಡೋರ್ನಹಳ್ಳಿ ಎಂಬ ಊರಿನ ಕಥೆಗೆ ಬಂದಾಗ ಇದು ಮತ್ತೆ ಎದುರಾಗುತ್ತದೆ.

ಟಿಬೆಟ್ಟಿಗೂ ಒಬ್ಬ ಜೆಸ್ವಿತ್ ಹೋಗಿದ್ದ. ಇಟಲಿಯ ಇಪ್ಪೊಲಿಟೊ ದೆಸಿದೇರಿ 1716ರಲ್ಲಿ ಲ್ಹಾಸಾ ತಲುಪಿ, ಮರುವರ್ಷ ವಿಶ್ವವಿದ್ಯಾಲಯದಂಥ ಸೆರಾ ಮಠದಲ್ಲಿ ಭಿಕ್ಷುಗಳ ನಡುವೆ ಕೂತು ತರ್ಕ ಕಲಿತ. ಕ್ರೈಸ್ತ ತತ್ವವನ್ನು ಟಿಬೆಟನ್ ಭಾಷೆಯಲ್ಲಿ, ಬೌದ್ಧ ವಾದಗ್ರಂಥಗಳ ಕ್ರಮದಲ್ಲಿಯೇ ಬರೆದ. 1721ರಲ್ಲಿ ಅಲ್ಲಿಂದ ಹೊರಟು, ಕೆಲಕಾಲ ದಕ್ಷಿಣ ಭಾರತದ ಕರ್ನಾಟಿಕ್ ಮಿಷನ್ನಿನಲ್ಲೂ ದುಡಿದು ಊರಿಗೆ ಮರಳಿದ. ಅವನು ಓದಿದ ಸೆರಾ ಮಠದ ಪರಂಪರೆ ಈಗ ಬೈಲಕುಪ್ಪೆಯಲ್ಲಿದೆ: 1970ರ ಸುಮಾರಿಗೆ ಸೆರಾ ಜೆ, ಸೆರಾ ಮೆ ವಿದ್ಯಾಲಯಗಳು ಅಲ್ಲಿ ಮತ್ತೆ ನೆಲೆಗೊಂಡವು. ಸಂಜೆಯ ಹೊತ್ತು ಅಂಗಳದಲ್ಲಿ ಕೈ ಚಪ್ಪಾಳೆ ತಟ್ಟಿ ವಾದಿಸುವ ಭಿಕ್ಷುಗಳ ಪದ್ಧತಿಯೇ ದೆಸಿದೇರಿ ತನ್ನ ಬರವಣಿಗೆಗೆ ಬಳಸಿಕೊಂಡ ಪದ್ಧತಿ.

ಈ ಪ್ರಯೋಗಗಳಿಗೆಲ್ಲ ಬೀಗ ಬಿದ್ದದ್ದು ಒಬ್ಬನೇ ಮನುಷ್ಯನ ಪ್ರವಾಸದಿಂದ. ಪೋಪರ ಪ್ರತಿನಿಧಿ ಮೈಯಾರ್ ಡಿ ಟೂರ್ನೊನ್ 1703ರ ಕೊನೆಯಲ್ಲಿ ಪುದುಚೇರಿಗೆ ಬಂದಿಳಿದ. 1704ರಲ್ಲಿ ಅಲ್ಲಿಂದಲೇ ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳ ಹೆಸರು ಹಿಡಿದು, ಸ್ಥಳೀಯ ಆಚಾರಗಳ ಬಳಕೆಗೆ ತಡೆ ಹಾಕುವ ಆಜ್ಞೆ ಹೊರಡಿಸಿದ. ಮರುವರ್ಷ ಚೀನಾಕ್ಕೆ ಹೋಗಿ, 1707ರಲ್ಲಿ ಅಲ್ಲೂ ಅಂಥದೇ ಆಜ್ಞೆ ಹೊರಡಿಸಿ, ಚಕ್ರವರ್ತಿಯ ಕೋಪಕ್ಕೆ ಗುರಿಯಾಗಿ 1710ರಲ್ಲಿ ಮಕಾವುವಿನ ಬಂಧನದಲ್ಲೇ ಸತ್ತ. ಅವನ ಆಜ್ಞೆಗಳ ತಿರುಳನ್ನು ರೋಮ್ 1742ರಲ್ಲಿ ಚೀನಾಕ್ಕೂ 1744ರಲ್ಲಿ ದಕ್ಷಿಣ ಭಾರತಕ್ಕೂ ಕಾಯಂ ಮಾಡಿತು. ಹೊಸದಾಗಿ ಬರುವ ಪಾದ್ರಿಗಳು ಈ ಆಚಾರಗಳಿಗೆ ಒಪ್ಪುವುದಿಲ್ಲವೆಂದು ಪ್ರಮಾಣ ಮಾಡಬೇಕಾಯಿತು. 1773ರಲ್ಲಿ ಜೆಸ್ವಿತ್ ಸಂಘವನ್ನೇ ರದ್ದುಗೊಳಿಸಿದ ಮೇಲೆ ಮೈಸೂರಿನ ಕೆಲಸ ಫ್ರೆಂಚ್ ಪಾದ್ರಿಗಳ ಕೈಗೆ ಬಂತು. ಚೀನಾದ ಮತ್ತು ಮೈಸೂರಿನ ಕ್ರೈಸ್ತ ಕಲೆ ಬಹುಕಾಲ ಯುರೋಪಿನ ಮಾದರಿಯ ಪ್ರತಿಮೆಗಳಲ್ಲಿ ನಿಂತುಹೋದದ್ದಕ್ಕೆ ಈ ಆಜ್ಞೆಗಳು ದೊಡ್ಡ ಕಾರಣ.

ರೋಮ್ ಬೀಗ ಹಾಕಬಹುದಾಗಿದ್ದದ್ದು ಪಾದ್ರಿಗಳ ಕೈಗೆ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ನಡೆದದ್ದನ್ನು ಯಾವ ಆಜ್ಞೆಯೂ ಮುಟ್ಟುವಂತಿರಲಿಲ್ಲ. ಅಲ್ಲಿನ ಸಂತ ಅಂತೋಣಿಯವರ ಐತಿಹ್ಯವನ್ನು ಹೇಳುವವರು ಹೇಳಿದಂತೆ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ಕಥೆಯ ಎಲುಬು ಒಂದೇ. ಸುಮಾರು ಇನ್ನೂರು ವರ್ಷದ ಹಿಂದೆ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತು. ಬೊಂಬೆಯೆಂದುಕೊಂಡು ಮಕ್ಕಳ ಆಟಕ್ಕೆ ಕೊಟ್ಟ. ರಾತ್ರಿ ಕನಸಿನಲ್ಲಿ ಸನ್ಯಾಸಿಯೊಬ್ಬ ಬಂದು ತನಗೊಂದು ನೆಲೆ ಕಟ್ಟಿಕೊಡು ಎಂದ. ರೈತ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಕಷ್ಟ ಬಂತು. ಕೊನೆಗೆ ಗುಡಿ ಕಟ್ಟಿ ಕೂರಿಸಿದ. ಅದು ಪಾದುವಾದ ಸಂತ ಅಂತೋಣಿಯ ವಿಗ್ರಹವೆಂದು ಪಾದ್ರಿಗಳು ಗುರುತಿಸಿದ್ದು ಆಮೇಲೆ.

ಲಿಸ್ಬನ್ನಿನಲ್ಲಿ ಹುಟ್ಟಿ 1231ರ ಜೂನ್ 13ರಂದು ಪಾದುವಾದಲ್ಲಿ ತೀರಿಕೊಂಡ ಅಂತೋಣಿ ಫ್ರಾನ್ಸಿಸ್ಕನ್ ಸನ್ಯಾಸಿ. ಅವನ ಪ್ರತಿಮೆಗೆ ಯುರೋಪಿನಲ್ಲಿ ಖಾಯಂ ಲಕ್ಷಣಗಳಿವೆ: ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ, ನಡುನೆತ್ತಿ ಬೋಳಿಸಿ ಸುತ್ತ ಉಳಿಸಿದ ಕೂದಲು, ತೋಳಿನಲ್ಲಿ ಬಾಲಯೇಸು, ಕೈಯಲ್ಲಿ ಬಿಳಿ ಲಿಲ್ಲಿ ಹೂ. ಫ್ರಾನ್ಸಿಸ್ಕನ್ನರ ಹೆಸರೇ ಕೇಳದ ಹೊಲದ ಒಡೆಯನಿಗೆ ಕನಸಿನಲ್ಲಿ ಕಂಡದ್ದು ಸನ್ಯಾಸಿ. ಅವನು ನೋಡಿದ್ದು ತಪ್ಪಲ್ಲ. ಉಣ್ಣೆಯ ನಿಲುವಂಗಿ, ಹಗ್ಗದ ಪಟ್ಟಿ, ಬೋಳಿಸಿದ ತಲೆ, ಮನೆಮಠ ಬಿಟ್ಟವನಿಗೆ ಎರಡು ಸಂಸ್ಕೃತಿಗಳೂ ಕೊಟ್ಟ ವೇಷ ಹತ್ತಿರ ಹತ್ತಿರದ್ದೇ. ಚಿನ್ನಾಮಿಯ ಕಾಲದಲ್ಲಿ ಪಾದ್ರಿಗಳು ಯೋಚಿಸಿ ತೊಟ್ಟ ವೇಷ ಇಲ್ಲಿ ಯೋಚನೆಯಿಲ್ಲದೆ ತಾನಾಗಿ ಕೂಡಿಬಂತು.

ಇನ್ನೂ ಮುಖ್ಯವಾದದ್ದು ಕಥೆಯ ಅಚ್ಚು. ನೇಗಿಲಿಗೆ ತಗುಲಿದ ದೇವರು, ಕನಸಿನಲ್ಲಿ ಬಂದು ಗುಡಿ ಕೇಳಿದ ದೇವರು, ಅಸಡ್ಡೆ ಮಾಡಿದವನ ಕೊಟ್ಟಿಗೆಗೆ ಕೇಡು ತಂದ ದೇವರು, ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಊರೂರಿನಲ್ಲೂ ಇಂಥ ದೇವರಿದ್ದಾನೆ. ಮಾರಿಯೋ ಮಾದೇಶ್ವರನೋ ಬಂದಂತೆಯೇ ಅಂತೋಣಿಯೂ ಬಂದ. ವಿಗ್ರಹದ ಮರ, ಕೆತ್ತನೆ, ಮುಖ ಯುರೋಪಿನದಾಗಿಯೇ ಉಳಿಯಿತು. ಅದನ್ನು ಹೊತ್ತ ಕಥೆ ಕನ್ನಡದ್ದಾಯಿತು. ಚಿತ್ರಕಲೆಯ ಪುಸ್ತಕಗಳು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅಳೆಯಲು ಕುಂಚದ ಗೆರೆಯಿಲ್ಲ. ಹಿಡಿಯಬೇಕು. ವರ್ಷವರ್ಷ ಜೂನ್ 13ರ ಹಬ್ಬಕ್ಕೆ ಮುಂಗಾರಿನ ನಡುವೆ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಷ್ಟೇ ಇರುವುದಿಲ್ಲ. ಮುಡಿ ಕೊಡುವುದು, ಮೇಣದ ಬತ್ತಿ ಹಚ್ಚುವುದು, ತೇರು ಎಳೆಯುವುದು ಒಂದೇ ದಿನ ಒಂದೇ ಅಂಗಳದಲ್ಲಿ ನಡೆಯುತ್ತವೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ದೇವಾಲಯಕ್ಕೆ ಬಸಿಲಿಕಾ ಎಂಬ ಗೌರವ ಕೊಟ್ಟರು. ಟೂರ್ನೊನ್‌ನ ಆಜ್ಞೆಗೆ ಅಷ್ಟು ಹೊತ್ತಿಗೆ ಮುನ್ನೂರ ಹದಿನೈದು ವರ್ಷ.

ಮೈಸೂರು ನಗರದಲ್ಲಿ ಬೆರಕೆಗೆ ಅವಕಾಶ ಕೊಡದ ಮಾದರಿಯೂ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯ ಜರ್ಮನಿಯ ಕಲೋನ್ ಕೆಥೆಡ್ರಲಿನ ಗಾಥಿಕ್ ರೀತಿಯದು. ಅವಳಿ ಗೋಪುರ 175 ಅಡಿ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಮಾಡುಗಳನ್ನು 1899ರಿಂದ ಎರಡು ವರ್ಷದಲ್ಲಿ ತುಂಬಿದ ಅಂತೋನಿಯೊ ಮೊಸ್ಕೇನಿಯ ಚಿತ್ರಗಳು ಇಟಲಿಯಲ್ಲೇ ಇದ್ದಿದ್ದರೂ ಯಾರಿಗೂ ಅಚ್ಚರಿಯಾಗದು. ಎರಡೂ ಸೊಗಸಾದವೇ. ಪರದೇಶದ ರೂಪವೆಂದು ಅವನ್ನು ತಳ್ಳಿಹಾಕುವುದು ಜಾಣತನವಲ್ಲ. ಮೈಸೂರಿನವರಿಗೆ ಫಿಲೋಮಿನಾದ ಗೋಪುರ ಇಂದು ಅರಮನೆಯಷ್ಟೇ ಊರಿನದು.

ಚೀನಾದಲ್ಲಿ ಬೀಗ ತೆಗೆಯಲು ಮೊದಲು ಕೈಹಾಕಿದವರು ಚೆಲ್ಸೊ ಕೊಸ್ತಾಂತೀನಿ. ಕಲಾವಿದರೂ ಆಗಿದ್ದ ಈ ಬಿಷಪ್ 1922ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದರು. ಚೀನಾದ ಇಗರ್ಜಿಗಳಲ್ಲಿದ್ದ ಗಾಥಿಕ್ ಗೋಪುರಗಳು ಆ ಜನಕ್ಕೆ ಪರಕೀಯರ ಕೋಟೆಯಂತೆ ಕಾಣುತ್ತವೆಂದು ಅವರಿಗೆ ಅನ್ನಿಸಿತು. ಬೀಜಿಂಗಿನಲ್ಲಿ ಚೆನ್ ಯುವಾನ್‌ದು ಎಂಬ ಚಿತ್ರಕಾರನ ಕೆಲಸ ಕಂಡು, ಮರಿಯಮ್ಮನನ್ನು ರೇಷ್ಮೆಯ ಮೇಲೆ ಮಸಿಯಲ್ಲಿ ಬರೆಯುವಂತೆ ಕೇಳಿದರು. ಚೆನ್ ಆಗ ಕ್ರೈಸ್ತನಾಗಿರಲಿಲ್ಲ. ಬರೆಯುತ್ತ ಬರೆಯುತ್ತ 1932ರಲ್ಲಿ ದೀಕ್ಷಾಸ್ನಾನ ಪಡೆದು, ಚಿತ್ರಕಾರರ ಪಾಲಕ ಸಂತ ಲೂಕನ ಹೆಸರಿಟ್ಟುಕೊಂಡ. ಫೂಜೆನ್ ವಿಶ್ವವಿದ್ಯಾಲಯದಲ್ಲಿ ಅವನ ಸುತ್ತ ಒಂದು ಶಾಲೆಯೇ ಬೆಳೆಯಿತು. ಅವರ ಚಿತ್ರಗಳಲ್ಲಿ ಮರಿಯಮ್ಮ ಕುಲೀನ ಚೀನೀ ಹೆಣ್ಣುಮಗಳು, ಹಿಂದೆ ಬಿದಿರು, ಮಂಜು ಮುಸುಕಿದ ಬೆಟ್ಟ. ನಾಜೂಕಿನ ಕೆಲಸ. ಆದರೆ ಅಲ್ಲಿನ ಚೀನಾ ಆಗಿನ ಚೀನಾದಂತಿಲ್ಲ. ಯುದ್ಧ, ಕ್ಷಾಮ, ಬೀದಿಯ ಸಿಟ್ಟು ಯಾವುದೂ ಆ ಬಿದಿರುಮೆಳೆಯ ಒಳಗೆ ಬರಲಿಲ್ಲ. ಗೋವೆಯ ಆಂಜೆಲೊ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತು, ಅದೇ ದಶಕಗಳಲ್ಲಿ ಮರಿಯಮ್ಮನಿಗೆ ಸೀರೆ ಉಡಿಸಿದಾಗ ಊರಿನವರ ವಿರೋಧ ತಡೆಯಲಾರದೆ ಪುಣೆಯ ಆಶ್ರಮವೊಂದಕ್ಕೆ ಹೋಗಿ ಬಾಳಬೇಕಾಯಿತು. ಚೆನ್‌ನಿಗೆ ಬಿಷಪರ ಬೆಂಬಲವಿತ್ತು, ಫೊನ್ಸೆಕಾನಿಗೆ ಅಷ್ಟಿರಲಿಲ್ಲ.

1939ರಲ್ಲಿ ರೋಮ್ ಚೀನೀ ಆಚಾರಗಳ ಮೇಲಿನ ತಡೆ ಎತ್ತಿತು, ಮರುವರ್ಷ ಭಾರತದ ಪಾದ್ರಿಗಳ ಪ್ರಮಾಣವೂ ಹೋಯಿತು. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕರ್ನಾಟಕ ಭಾರತದಲ್ಲಿ ಈ ಪ್ರಯೋಗಗಳ ಒಂದು ಮುಖ್ಯ ಕೇಂದ್ರವಾಯಿತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಎಂಬ ಗುರುಗಳು ಎನ್.ಬಿ.ಸಿ.ಎಲ್.ಸಿ. ಎಂಬ, ಬೈಬಲ್, ಧರ್ಮಬೋಧನೆ ಮತ್ತು ಪೂಜಾಕ್ರಮದ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿದರು. 1969ರಲ್ಲಿ ಭಾರತೀಯ ಪೂಜಾಕ್ರಮದ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ ಬಂತು: ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆ ದೀಪ, ಆರತಿ ಮುಂತಾದವು. ಕೇಂದ್ರದ ಪ್ರಾರ್ಥನಾಲಯ ಗುಡಿಯ ಆಕಾರದಲ್ಲಿ ಎದ್ದಿತು, ಅದರ ನೆತ್ತಿಗೆ ಕಲಶ ಬಂತು. 1979ರಲ್ಲಿ ಅಮಲೋರ್ಪವದಾಸರು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ವಿಭಾಗವನ್ನು ಬೆಳೆಸಿದವರೂ ಅವರೇ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ವಿರೋಧ ಎರಡು ದಿಕ್ಕಿನಿಂದ ಬಂತು. ಕೆಲವು ಕಥೋಲಿಕರಿಗೆ ಕಲಶ, ಆರತಿ, ಓಂಕಾರಗಳು ಅನ್ಯದೇವರ ಪೂಜೆಯಾಗಿ ಕಂಡವು. ಕೆಲವು ಹಿಂದೂಗಳಿಗೆ ಅದು ಮತಾಂತರದ ಮುಸುಕಾಗಿ ಕಂಡಿತು. ಇವೆರಡಕ್ಕಿಂತ ಆಳವಾದ ಮೂರನೆಯ ಪ್ರಶ್ನೆಯನ್ನು ಎತ್ತಿದವರು ದಲಿತ ಕ್ರೈಸ್ತರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ ಆ ಮಾತಿಗೆ ಬಲ ಬಂತು. ಭಾರತೀಯವೆಂದು ತಂದ ಗೋಪುರ, ಸಂಸ್ಕೃತ ಮಂತ್ರ, ಕಾವಿ ಬಟ್ಟೆ, ಇವೆಲ್ಲ ಯಾರವು? ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನರನ್ನು ಯಾವ ಗುಡಿಯೊಳಗೆ ಕಾಲಿಡಲು ಬಿಡಲಿಲ್ಲವೋ, ಅದೇ ಗುಡಿಯ ಅಚ್ಚನ್ನು ಅವರ ಇಗರ್ಜಿಗೆ ತಂದಿಟ್ಟರೆ ಅವರು ಅದನ್ನು ತಮ್ಮದೆಂದು ಏಕೆ ಭಾವಿಸಬೇಕು? ಈ ಪ್ರಶ್ನೆಗೆ ಎನ್.ಬಿ.ಸಿ.ಎಲ್.ಸಿ.ಯ ಶಿಲ್ಪದಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವರಲ್ಲಿ ಆ ಕೇಂದ್ರದೊಡನೆಯೇ ಕೆಲಸ ಮಾಡಿದ್ದ ಜ್ಯೋತಿ ಸಾಹಿ ಮುಖ್ಯರು. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಚಿತ್ರಕಲೆ ಕಲಿತು, ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿ 1980ರ ದಶಕದಲ್ಲಿ ಆರ್ಟ್ ಆಶ್ರಮ ಕಟ್ಟಿದವರು. ಗುಡಿಯ ಶಾಸ್ತ್ರೀಯ ರೂಪಗಳಿಂದ ಸರಿದು ತಮಟೆ, ಮಣ್ಣು, ಮರ, ಅಡುಗೆಮನೆಯ ಕಡೆ ಅವರ ಕುಂಚ ಹೊರಳಿತು. ಬ್ರಿಟನ್ನಿನ ಮೆಥೊಡಿಸ್ಟ್ ಸಭೆಯ ಆಧುನಿಕ ಕಲಾಸಂಗ್ರಹದಲ್ಲಿ ಅವರ ದಲಿತ ಮಾತೆಯ ಚಿತ್ರವಿದೆ. ತಾಯಿ ಮಗುವನ್ನು ಸುತ್ತುವರಿದು ಬಾಗಿ ಕೂತಿದ್ದಾಳೆ. ಆಕೆಯ ಮೈ ಒಂದು ಕುಳಿ, ಕುಳಿಯೊಳಗೆ ಮಗು ದುಂಡಗೆ ಕೂರುತ್ತದೆ. ಈ ಆಕಾರದ ಮೂಲ ಒರಳುಕಲ್ಲು ಎಂದು ಸಾಹಿಯವರೇ ವಿವರಿಸಿದ್ದಾರೆ: ಕುಳಿಯಿರುವ ದೊಡ್ಡ ಕಲ್ಲು ತಾಯಿ, ಅದರೊಳಗೆ ತಿರುಗುವ ಗುಂಡುಕಲ್ಲು ಮಗು.

ಚಿತ್ರದ ಬಲ ಇರುವುದು ಈ ಜೋಡಣೆಯಲ್ಲಿ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಮೊದಲು ಗುಂಡುಕಲ್ಲಿಗೆ ನೀರೆರೆದು, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುವ ರೂಢಿಯಿದೆ. ಮಗು ಕಲ್ಲಿನ ಹಾಗೆ ಗಟ್ಟಿಮುಟ್ಟಾಗಲಿ ಎಂಬ ಹಾರೈಕೆ ಅದು. ಕಲ್ಲು ಮಗುವಿನ ಜಾಗದಲ್ಲಿ ಮಲಗುವುದನ್ನು ಕಂಡವರಿಗೆ ಸಾಹಿಯವರ ಮಾತೆ ಅರ್ಥವಾಗಲು ಪುಸ್ತಕ ಬೇಡ. ಮತ್ತೆ, ಒರಳುಕಲ್ಲು ದುಡಿಯುವ ಹೆಂಗಸಿನ ಕೈಗೆ ದಿನವೂ ತಾಗುವ ವಸ್ತು. ತಾವರೆ ದೇವರ ಪೀಠ, ಒರಳು ದುಡಿಮೆಯ ಪೀಠ. ಚೆನ್‌ನ ಬಿದಿರುಮೆಳೆಗೆ ಇಲ್ಲದ ಭಾರ ಈ ಕಲ್ಲಿಗಿದೆ. ಆದರೆ ಚಿತ್ರ ಇರುವುದು ಬ್ರಿಟನ್ನಿನ ಸಂಗ್ರಹದಲ್ಲಿ, ಒರಳುಕಲ್ಲಿನ ಪಕ್ಕದಲ್ಲಲ್ಲ ಎಂಬುದನ್ನೂ ಹೇಳಲೇಬೇಕು.

ತಾವರೆ, ಒರಳುಕಲ್ಲುಗಳಿಗೆ ಬೈಬಲಿನಲ್ಲಿ ಶತ್ರುವಿಲ್ಲ. ಹಾವಿಗಿದೆ. ಆದಿಕಾಂಡದಲ್ಲಿ ಹವ್ವಳನ್ನು ಮರುಳುಮಾಡಿದ್ದು ಸರ್ಪ. ಪ್ರಕಟನೆಯ ಹನ್ನೆರಡನೆಯ ಅಧ್ಯಾಯದಲ್ಲಿ ಸೂರ್ಯನನ್ನು ಉಟ್ಟ ಸ್ತ್ರೀಯ ಮಗುವನ್ನು ನುಂಗಲು ಕಾಯುವುದು ಘಟಸರ್ಪ. ಕ್ರೈಸ್ತ ಚಿತ್ರಗಳಲ್ಲಿ ಮರಿಯಮ್ಮನ ಪಾದದಡಿ ಹಾವಿರುವುದು ಇದರಿಂದ. ಮೈಸೂರು ಜಿಲ್ಲೆಯ ಈ ಪಶ್ಚಿಮದ ತಾಲ್ಲೂಕುಗಳ ಯಾವ ಅರಳಿಕಟ್ಟೆಗೆ ಹೋದರೂ ಅಲ್ಲಿ ನಾಗರಕಲ್ಲು: ಹೆಣೆದ ಎರಡು ಹಾವು, ಅರಿಸಿನ ಕುಂಕುಮ, ಮಕ್ಕಳಿಲ್ಲದವರ ಹರಕೆ. ಡೋರ್ನಹಳ್ಳಿಗೆ ಮಗುವಿನ ಹರಕೆ ಹೊರುವ ಹೆಂಗಸು ಹಾದಿಯಲ್ಲಿ ಈ ಕಟ್ಟೆಯನ್ನು ಸುತ್ತಿಯೇ ಬಂದಿರಬಹುದು. ಒಂದು ಧರ್ಮದ ವೈರಿ ಇನ್ನೊಂದು ಧರ್ಮದ ಸಂತಾನದಾತ. ಸಾಹಿಯವರ 1980ರ ಪುಸ್ತಕ 'ದಿ ಚೈಲ್ಡ್ ಅಂಡ್ ದಿ ಸರ್ಪೆಂಟ್' ಈ ಗಂಟನ್ನೇ ಕೈಗೆತ್ತಿಕೊಂಡಿತು. ಬಿಡಿಸಲು ಬೈಬಲಿನಲ್ಲೇ ಒಂದು ದಾರಿಯಿದೆ: ಮೋಶೆ ಮರುಭೂಮಿಯಲ್ಲಿ ಕಂಚಿನ ಸರ್ಪವನ್ನು ಕಂಬಕ್ಕೇರಿಸಿದ, ನೋಡಿದವರು ಬದುಕಿದರು, ಯೊವಾನ್ನನ ಶುಭಸಂದೇಶ ಆ ಸರ್ಪವನ್ನು ಶಿಲುಬೆಗೇರಿದ ಕ್ರಿಸ್ತನಿಗೆ ಹೋಲಿಸುತ್ತದೆ.

ಚೀನೀ ಕಲಾವಿದನ ಮುಂದೆ ಇದೇ ಗಂಟು ಡ್ರ್ಯಾಗನ್ ರೂಪದಲ್ಲಿ ಬಂತು. ಅಲ್ಲಿ ಡ್ರ್ಯಾಗನ್ ಮಳೆ ತರುವ ಪ್ರಾಣಿ, ಐದು ಉಗುರಿನದಾದರೆ ಚಕ್ರವರ್ತಿಯ ಗುರುತು. 781ರ ಕಲ್ಲಿನಲ್ಲಿ ಅದು ಶಿಲುಬೆಗಿಂತ ಮೇಲೆ ಕೂತಿದ್ದು ಆ ಕಾಲದ ಶಾಸನಗಳ ಮಾಮೂಲಿ ಅಲಂಕಾರವಾಗಿ. ತಾವರೆಯನ್ನು ಧಾರಾಳವಾಗಿ ಬಳಸುವ ಚೀನೀ ಕ್ರೈಸ್ತ ಚಿತ್ರಕಾರರು ಡ್ರ್ಯಾಗನ್ ವಿಷಯದಲ್ಲಿ ಕೈ ಬಿಗಿ ಹಿಡಿಯುವುದು ಸಹಜವೇ. ಸುಲಭದ ಚಿಹ್ನೆಗಳನ್ನು ಬೆರೆಸುವುದು ಅಲಂಕಾರ. ಈ ಕಲೆಯ ನಿಜವಾದ ಪರೀಕ್ಷೆ ಇರುವುದು ಹಾವು ಮತ್ತು ಡ್ರ್ಯಾಗನ್‌ಗಳಲ್ಲಿ.

ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷ ಚೀನಾದ ಇಗರ್ಜಿಗಳು ಬಹುತೇಕ ಮುಚ್ಚಿದ್ದವು; 1979ರಿಂದ ಒಂದೊಂದಾಗಿ ತೆರೆದವು. ಆಮೇಲಿನ ಚೀನೀ ಕ್ರೈಸ್ತ ಚಿತ್ರಕಾರರಲ್ಲಿ ಎದ್ದು ಕಾಣುವ ಹೆಸರು ಹೇ ಚೀ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳ್ಳಿಗೆ ದುಡಿಯಲು ಕಳಿಸಿದ್ದ ಈ ಯುವಕ ಹಗಲು ಮಾವೋನ ಭಾವಚಿತ್ರ ಬರೆದು, ರಾತ್ರಿ ಪತ್ರಿಕೆಯೊಂದರಲ್ಲಿ ಸಿಕ್ಕ ರಾಫೆಲನ ಮಾತೆಯ ಚಿತ್ರವನ್ನು ನಕಲು ಮಾಡುತ್ತಿದ್ದನಂತೆ; ಅವನೇ ಹೇಳಿಕೊಂಡ ಕಥೆ ಇದು. ಮುಂದೆ ನಾನ್‌ಜಿಂಗ್‌ನ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಕಲಿಸಿದ, ನಂತರ ಅಮೆರಿಕಕ್ಕೆ ಹೋದ. ಅವನ ಚಿತ್ರಗಳಲ್ಲಿ ಚೆನ್‌ನ ಮಂಜುಬೆಟ್ಟವಿಲ್ಲ. ಹೊಸವರ್ಷಕ್ಕೆ ಹಳ್ಳಿಮನೆಯ ಕದಕ್ಕೆ ಅಂಟಿಸುವ ಮರದಚ್ಚಿನ ಚಿತ್ರ, ಕಾಗದ ಕತ್ತರಿಸಿ ಮಾಡುವ ಕಿಟಕಿಯ ಹೂ, ಸಂಗೀತನಾಟಕದ ಬಣ್ಣದ ಮುಖ, ಇವುಗಳ ಗಾಢ ಕೆಂಪು ಹಸಿರಿನಲ್ಲಿ ನೋವನ ನಾವೆ, ಬೆತ್ಲೆಹೇಮಿನ ಗೋದಲಿ ಬರುತ್ತವೆ. ಪಂಡಿತರ ಮಸಿಚಿತ್ರದಿಂದ ರೈತರ ಕತ್ತರಿಗೆ ಇಳಿದ ಈ ಹೊರಳು, ಗೋಪುರದಿಂದ ಒರಳುಕಲ್ಲಿಗೆ ಸಾಹಿಯವರು ಇಳಿದ ಹೊರಳಿಗೆ ಸಾಟಿ. ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಕಡೆ ಹೊರಳಿದರು.

ಆಮೇಲೆ ಚೀನಾದಲ್ಲಿ ಅಪ್ಪಣೆ ಕೊಡುವವರು ಬದಲಾದರು. 2014ರಿಂದ 2016ರ ನಡುವೆ ಜಜಿಯಾಂಗ್ ಪ್ರಾಂತ್ಯದಲ್ಲಿ ಸರ್ಕಾರ ಸಾವಿರಕ್ಕೂ ಹೆಚ್ಚು ಇಗರ್ಜಿಗಳ ಮೇಲಿನ ಶಿಲುಬೆ ತೆಗೆಸಿತು. 2018ರಲ್ಲಿ ಸರ್ಕಾರದ ಮನ್ನಣೆಯುಳ್ಳ ಪ್ರಾಟೆಸ್ಟೆಂಟ್ ಸಭೆಗಳು ಕ್ರೈಸ್ತ ಧರ್ಮವನ್ನು ಚೀನೀಕರಿಸುವ ಐದು ವರ್ಷದ ಯೋಜನೆ ಹೊರಡಿಸಿದವು. ಇಗರ್ಜಿಯ ಕಟ್ಟಡ, ಹಾಡು, ಚಿತ್ರ ಎಲ್ಲವೂ ಅದರೊಳಗೆ ಬಂದವು. ಕೊಸ್ತಾಂತೀನಿ ಬೇಡಿಕೊಂಡು ಬರೆಯಿಸಿದ್ದನ್ನು ಸರ್ಕಾರ ಈಗ ಕಾರ್ಯಕ್ರಮವಾಗಿ ಕೇಳುತ್ತದೆ. ಅದೇ ತಾವರೆ, ಅದೇ ಮಸಿ. ಕಲಾವಿದ ಒಲಿದು ತಂದಾಗ ಅದು ಚಿತ್ರ, ಕಡ್ಡಾಯವಾಗಿ ತಂದಾಗ ಸಮವಸ್ತ್ರ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಇಗರ್ಜಿಗಳಿಗೆ ಬೇಕಾದ ಪ್ರತಿಮೆಗಳು ಇಂದು ಬಹುತೇಕ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಮತ್ತು ಫೈಬರಿನವು. ಗುಲಾಬಿ ಮೈಬಣ್ಣ, ನೀಲಿ ಮೇಲುಹೊದಿಕೆ, ಹತ್ತೊಂಬತ್ತನೆಯ ಶತಮಾನದ ಯುರೋಪಿನ ಮುಖ. ಕಲಾವಿದನಿಗೆ ಕೆಲಸ ಕೊಟ್ಟು ಕಾಯಲು ಸಣ್ಣ ಧರ್ಮಕೇಂದ್ರಕ್ಕೆ ಹಣವೂ ಇಲ್ಲ, ಪುರುಸೊತ್ತೂ ಇಲ್ಲ. ಭಕ್ತರು ಕೇಳುವುದೂ ಕಂಡು ರೂಢಿಯಾದ ಮುಖವನ್ನೇ. ಸ್ಥಳೀಯತೆ ಬರುವುದು ಸೇವಂತಿಗೆ, ಕನಕಾಂಬರದ ಹಾರದಲ್ಲಿ, ತೇರಿನ ಸಿಂಗಾರದಲ್ಲಿ. ಡಿಸೆಂಬರಿನಲ್ಲಿ ಅಂಗಡಿಗಳಿಗೆ ಬರುವ ನಕ್ಷತ್ರದೀಪ, ಗೋದಲಿಯ ಬೊಂಬೆಗಳಲ್ಲಿ ಚೀನಾದ ಸರಕು ಧಾರಾಳವಾಗಿರುತ್ತದೆ. ಜಗತ್ತಿನ ಕ್ರಿಸ್ಮಸ್ ಅಲಂಕಾರದ ಬಹುದೊಡ್ಡ ಪಾಲು ತಯಾರಾಗುವುದು ಯಿವೂ ನಗರದಲ್ಲಿ. ಆ ನಗರ ಇರುವುದು, ಶಿಲುಬೆಗಳನ್ನು ಇಳಿಸಿದ ಅದೇ ಜಜಿಯಾಂಗ್ ಪ್ರಾಂತ್ಯದಲ್ಲಿ. ಅಲ್ಲಿಂದ ಬರುವ ಮರಿಯಮ್ಮ, ಯೋಸೇಫರ ಮುಖದಲ್ಲಿ ಚೀನೀ ಗೆರೆಯೊಂದೂ ಇರುವುದಿಲ್ಲ. ಕೊಳ್ಳುವವರು ಕೇಳುವುದು ಯುರೋಪಿನ ಮುಖವನ್ನು, ಕಾರ್ಖಾನೆ ಎರಕ ಹೊಯ್ಯುವುದೂ ಅದನ್ನೇ.